ಹಣ ಸಾಗಿಸುವ ಕಂಪನಿ ಕೈ ಬದಲಾಯಿಸುವಾಗ ನರಸಾಪುರಕ್ಕೂ ಒಂದು ಮಾತು ಹೇಳಿ

ಗೆ,
ಮಾನ್ಯ ಗವರ್ನರ್ ಅವರು,
ಭಾರತೀಯ ರಿಸರ್ವ್ ಬ್ಯಾಂಕ್, ಮುಂಬೈ

ಪ್ರತಿ: ಪ್ರಾದೇಶಿಕ ನಿರ್ದೇಶಕರು, ಭಾರತೀಯ ರಿಸರ್ವ್ ಬ್ಯಾಂಕ್, ನೃಪತುಂಗ ರಸ್ತೆ, ಬೆಂಗಳೂರು

ವಿಷಯ: ಹಣ ವರ್ಗಾವಣೆ ಕಂಪನಿಗಳ ಹಿಡಿತ ಬದಲಾಗಲು ಅನುಮತಿ ಕೊಡುವಾಗ ಗ್ರಾಹಕರಿಗೂ ಏಜೆಂಟರಿಗೂ ಮುಂಚಿತವಾಗಿ ತಿಳಿಸುವ ಷರತ್ತು ವಿಧಿಸುವ ಬಗ್ಗೆ

ಮಾನ್ಯರೇ,

ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಹೆದ್ದಾರಿಯ ಸರ್ವಿಸ್ ರಸ್ತೆಗೆ ಮುಖ ಮಾಡಿಕೊಂಡು ನನ್ನ ಅಂಗಡಿಯಿದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಮೊದಲು ಎಸ್‌ಟಿಡಿ ಬೂತ್ ಆಗಿತ್ತು, ಆಮೇಲೆ ಜೆರಾಕ್ಸ್ ಯಂತ್ರ ಬಂತು. ಈಗ 11 ವರ್ಷಗಳಿಂದ ಹಣ ವರ್ಗಾವಣೆಯೇ ನನ್ನ ಮುಖ್ಯ ಕಸುಬು. ಇಲ್ಲಿನ ಕೈಗಾರಿಕಾ ಪ್ರದೇಶದಲ್ಲೂ ಪಕ್ಕದ ವೇಮಗಲ್‌ನಲ್ಲೂ ದುಡಿಯುವ ಬಿಹಾರ, ಜಾರ್ಖಂಡ್, ಒಡಿಶಾ, ಅಸ್ಸಾಂ ಕಡೆಯ ಹುಡುಗರು ನನ್ನ ಗಿರಾಕಿಗಳು. ಟೊಮೆಟೊ ಸುಗ್ಗಿಯಲ್ಲಿ ಕೋಲಾರದ ಎಪಿಎಂಸಿಯಲ್ಲಿ ಕ್ರೇಟ್ ಹೊರುವವರೂ ಬರುತ್ತಾರೆ. ಗುತ್ತಿಗೆದಾರರ ಕೆಳಗಿರುವವರಿಗೆ ವಾರದ ಬಟವಾಡೆ ಶನಿವಾರ. ಅಂದು ಸಂಜೆ ಆರರಿಂದ ಹತ್ತೂವರೆಯವರೆಗೆ ನನ್ನ ಅಂಗಡಿಯ ಮುಂದಿನ ಸಾಲು ಪಕ್ಕದ ಬೇಕರಿಯನ್ನು ದಾಟುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಕನ್ನಡ ಬರುವುದಿಲ್ಲ. ಆದರೆ ಒಂದು ಮಾತನ್ನು ಎಲ್ಲರೂ ಬೇಗ ಕಲಿಯುತ್ತಾರೆ: "ದುಡ್ಡು ಬಿತ್ತೇ, ದೀದಿ?"

ಬಿತ್ತು ಎಂದು ನಾನು ಹೇಳುವವರೆಗೆ ಅವರು ಕೌಂಟರ್ ಬಿಟ್ಟು ಕದಲುವುದಿಲ್ಲ. ಊರಿಗೆ ಫೋನ್ ಮಾಡಿ, ಅಲ್ಲಿಯೂ ಬಿದ್ದಿದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಚಹಾ ಕುಡಿಯಲು ಹೋಗುತ್ತಾರೆ.

ಕಳೆದ ವರ್ಷ ಮಳೆಗಾಲದ ಒಂದು ಶನಿವಾರ ಬೆಳಿಗ್ಗೆ ನಾನು ಮೊಬೈಲ್ ತೆರೆದಾಗ ಆ್ಯಪ್ ಹೊಸ ಆವೃತ್ತಿ ಹಾಕಿಕೊಳ್ಳಲು ಕೇಳಿತು. ಹಾಕಿಕೊಂಡೆ. ನೀಲಿ ಬಣ್ಣವಿದ್ದದ್ದು ಹಸಿರಾಗಿತ್ತು. ಮೇಲಿನ ಹೆಸರು ಬೇರೆಯಾಗಿತ್ತು. ನಾವು ಈಗ ಒಂದು ದೊಡ್ಡ ಕುಟುಂಬದ ಭಾಗವಾಗಿದ್ದೇವೆ ಎಂಬ ಸಂದೇಶ ಇಂಗ್ಲಿಷ್‌ನಲ್ಲಿ, ಹಿಂದಿಯಲ್ಲಿ ಇತ್ತು. ಕನ್ನಡದಲ್ಲಿ ಒಂದು ಅಕ್ಷರವೂ ಇರಲಿಲ್ಲ. ಹಿಂದಿನ ರಾತ್ರಿ ಅಂಗಡಿ ಮುಚ್ಚುವಾಗ ನನ್ನ ಖಾತೆಯಲ್ಲಿದ್ದ 41,260 ರೂಪಾಯಿಯ ಜಾಗದಲ್ಲಿ ಸೊನ್ನೆ ಕಾಣಿಸುತ್ತಿತ್ತು. ಅದು ನನ್ನ ಸ್ವಂತ ಹಣ. ಏಜೆಂಟರು ಮೊದಲು ಕಂಪನಿಗೆ ಬ್ಯಾಲೆನ್ಸ್ ಹಾಕಿಸಬೇಕು, ಆಮೇಲೆ ಗಿರಾಕಿಯಿಂದ ನಗದು ಪಡೆದು ಆ ಬ್ಯಾಲೆನ್ಸಿನಿಂದ ಕಳಿಸಬೇಕು. ಕೋಲಾರದ ಡಿಸ್ಟ್ರಿಬ್ಯೂಟರ್‌ಗೆ ಫೋನ್ ಮಾಡಿದೆ. "ನನ್ನದೂ ಹಾಗೆಯೇ ಆಗಿದೆ, ಅಕ್ಕ. ಕಂಪನಿ ಮಾರಾಟವಾಗಿದೆಯಂತೆ" ಎಂದರು. ಅವರಿಗೂ ಗೊತ್ತಾದದ್ದು ಅಂದೇ.

ನನ್ನ ಹಣದ ಮಾತು ಬಿಡಿ. ಶುಕ್ರವಾರ ರಾತ್ರಿ ಜಾರ್ಖಂಡ್‌ನ ಒಬ್ಬ ಹುಡುಗ ತನ್ನ ತಾಯಿಗೆ 6,500 ರೂಪಾಯಿ ಕಳಿಸಿದ್ದ. ನನ್ನ ಬ್ಯಾಲೆನ್ಸಿನಿಂದ ಅದು ಕಡಿತವಾಗಿತ್ತು, ತಾಯಿಯ ಖಾತೆಗೆ ಸೇರಿರಲಿಲ್ಲ. ಪರದೆಯ ಮೇಲೆ 'ಪೆಂಡಿಂಗ್' ಎಂದಿತ್ತು. ಅವರ ಊರಿನಲ್ಲಿ ಮಳೆ ಹಿಡಿದಿತ್ತು, ಗದ್ದೆಯಲ್ಲಿ ನೀರು ನಿಂತಿತ್ತು, ನಾಟಿಯ ಆಳುಗಳಿಗೆ ಕೂಲಿ ಕೊಡಬೇಕಿತ್ತು. ಭತ್ತದ ಸಸಿ ಬಲಿತರೆ ಕಿತ್ತು ನೆಟ್ಟರೂ ಪ್ರಯೋಜನವಿಲ್ಲ. ರಾಗಿ ಬೆಳೆಯುವ ಸೀಮೆಯವಳಾದ ನನಗೆ ಭತ್ತದ ಲೆಕ್ಕ ಅಷ್ಟು ಗೊತ್ತಿಲ್ಲದಿದ್ದರೂ, ಮಳೆ ಯಾರಿಗೂ ಕಾಯುವುದಿಲ್ಲ ಎಂಬುದು ಗೊತ್ತು. ಶನಿವಾರ, ಭಾನುವಾರ, ಸೋಮವಾರ, ಮೂರು ದಿನ ಅವನು ಬಂದ. ಒಮ್ಮೆಯೂ ದನಿ ಎತ್ತಲಿಲ್ಲ. ನಾಲ್ಕು ಮಡಿಕೆ ಮಡಿಸಿದ ರಸೀದಿಯನ್ನು ಜೇಬಿನಿಂದ ತೆಗೆದು, ಕೌಂಟರಿನ ಗಾಜಿನ ಮೇಲೆ ಹೆಬ್ಬೆರಳಿನಿಂದ ನೀವಿ ಸರಿಮಾಡಿ, ನನ್ನ ಮುಖ ನೋಡುತ್ತ ನಿಲ್ಲುತ್ತಿದ್ದ. ನಮ್ಮ ರಸೀದಿ ಮುದ್ರಿಸುವ ಯಂತ್ರದ ಅಕ್ಷರ ಬೆವರಿಗೆ, ಬಿಸಿಲಿಗೆ ಬೇಗ ಮಾಸುತ್ತದೆ. ಮೂರನೆಯ ದಿನಕ್ಕೆ ಮಡಿಕೆಯ ಗೆರೆಯಲ್ಲಿದ್ದ ಅಂಕಿಗಳು ಹೋಗಿದ್ದವು. ಆಗ ನಾನೇ ಅದನ್ನು ಅವನ ಕೈಯಿಂದ ಪಡೆದು ಜೆರಾಕ್ಸ್ ಮಾಡಿಟ್ಟೆ. ಸೋಮವಾರ ಸಂಜೆ ನನ್ನ ಚೀಟಿ ಹಣದಿಂದ 6,500 ತೆಗೆದು, ಬೇರೊಬ್ಬರ ಫೋನ್‌ನಿಂದ ಅವನ ತಾಯಿಗೆ ಹಾಕಿಸಿದೆ.

ಹಳೆಯ ಕಂಪನಿಯ ಉಚಿತ ದೂರವಾಣಿ ಸಂಖ್ಯೆ ಕೆಲಸ ಮಾಡುತ್ತಿರಲಿಲ್ಲ. ಹೊಸ ಕಂಪನಿಯ ಸಂಖ್ಯೆಗೆ ಕರೆ ಮಾಡಿದರೆ, "ಅದು ಹಳೆಯವರ ಕಾಲದ ವ್ಯವಹಾರ, ನಾವು ಪಡೆದದ್ದು ಇಂದಿನಿಂದ ಮುಂದಿನದನ್ನು" ಎಂದರು. ಹಳೆಯವರ ಇಮೇಲ್‌ಗೆ ಬರೆದರೆ, "ವ್ಯವಹಾರವನ್ನು ಹೊಸಬರಿಗೆ ವಹಿಸಲಾಗಿದೆ" ಎಂಬ ಉತ್ತರ. ಇಬ್ಬರು ಒಡೆಯರ ನಡುವೆ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದೆ. 6,500 ಮರಳಿದ್ದು 23ನೆಯ ದಿನ. ನನ್ನ ಬ್ಯಾಲೆನ್ಸ್ ಬಂದದ್ದು ಒಂದು ತಿಂಗಳು ಕಳೆದ ಮೇಲೆ. 2019ರ ಸೆಪ್ಟೆಂಬರ್ 20ರ ನಿಮ್ಮದೇ ಸುತ್ತೋಲೆಯ ಪ್ರಕಾರ, ತಕ್ಷಣ ಹಣ ತಲುಪಿಸುವ ಐಎಂಪಿಎಸ್ ವ್ಯವಸ್ಥೆಯಲ್ಲಿ ಕಳಿಸಿದವರ ಖಾತೆಯಿಂದ ಹಣ ಕಡಿತವಾಗಿ ಪಡೆಯಬೇಕಾದವರಿಗೆ ಸೇರದಿದ್ದರೆ ಮರುದಿನದೊಳಗೆ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಆ ಹುಡುಗನ ಲೆಕ್ಕದಲ್ಲಿ ಅದು ಎರಡು ಸಾವಿರ ರೂಪಾಯಿ ದಾಟುತ್ತದೆ, ಮೂರು ದಿನದ ಕೂಲಿ. ಒಂದು ಪೈಸೆಯೂ ಬರಲಿಲ್ಲ, ಯಾವ ಕಂಪನಿಯನ್ನು ಕೇಳಬೇಕು ಎಂಬುದೇ ತೀರ್ಮಾನವಾಗಲಿಲ್ಲ.

ಇದಾದ ಮೇಲೆ ಕೋಲಾರದ ಕ್ಲಾಕ್ ಟವರ್ ಬಳಿ ಕಚೇರಿ ಇಟ್ಟುಕೊಂಡಿರುವ ಒಬ್ಬ ಲೆಕ್ಕ ಪರಿಶೋಧಕರ ಬಳಿ ಹೋಗಿ ಕುಳಿತೆ. ಇಂಥ ಕಂಪನಿಯನ್ನು ಯಾರು ಬೇಕಾದರೂ, ಯಾವಾಗ ಬೇಕಾದರೂ ಕೊಳ್ಳಬಹುದೇ ಎಂದು ಕೇಳಿದೆ. ಅವರು ತಾಳ್ಮೆಯಿಂದ ನಿಯಮಗಳನ್ನು ತೆಗೆದು ಓದಿಸಿದರು. ಓದಿದ ಮೇಲೆ ನನಗೆ ಸಮಾಧಾನವೂ ಆಯಿತು, ಬೇಸರವೂ ಆಯಿತು. ಎರಡನ್ನೂ ನಿಮ್ಮ ಮುಂದೆ ಇಡುತ್ತೇನೆ.

ಸಮಾಧಾನ ಏಕೆಂದರೆ, ನಿಯಮ ಇದೆ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ನಿಮ್ಮ ಅಧಿಕಾರ ಪತ್ರವಿಲ್ಲದೆ ಯಾರೂ ಪಾವತಿ ವ್ಯವಸ್ಥೆ ನಡೆಸುವಂತಿಲ್ಲ. ಆ ಪತ್ರ ಪಡೆದ, ಬ್ಯಾಂಕ್ ಅಲ್ಲದ ಕಂಪನಿಯನ್ನು ಇನ್ನೊಬ್ಬರು ಹಿಂಬಾಗಿಲಿನಿಂದ ಕೊಂಡು ಒಳಗೆ ಬರಬಾರದು ಎಂದು 2022ರ ಜುಲೈ 4ರಂದು ನೀವು ಸುತ್ತೋಲೆ ಹೊರಡಿಸಿದ್ದೀರಿ. ಕಂಪನಿಯನ್ನು ವಶಕ್ಕೆ ತೆಗೆದುಕೊಳ್ಳುವುದಾದರೆ, ಅದರ ಹಿಡಿತ ಬೇರೆಯವರ ಕೈಗೆ ಹೋಗುವುದಾದರೆ, ಆಡಳಿತ ಮಂಡಳಿ ಬದಲಾಗಲಿ ಬಿಡಲಿ, ನಿಮ್ಮ ಪೂರ್ವಾನುಮತಿ ಬೇಕು. ಹಿಡಿತ ಎಂದರೆ ಏನು ಎಂಬುದಕ್ಕೆ 2013ರ ಕಂಪನಿ ಕಾಯ್ದೆಯ ಅರ್ಥವನ್ನೇ ತೆಗೆದುಕೊಂಡಿದ್ದೀರಿ: ಬಹುಪಾಲು ನಿರ್ದೇಶಕರನ್ನು ನೇಮಿಸುವ ಹಕ್ಕು, ಇಲ್ಲವೇ ಆಡಳಿತವನ್ನೋ ನೀತಿ ನಿರ್ಧಾರಗಳನ್ನೋ ನಡೆಸುವ ಹಕ್ಕು. ಅದು ಷೇರಿನಿಂದ ಬಂದಿರಲಿ, ಒಪ್ಪಂದದಿಂದ ಬಂದಿರಲಿ, ನೇರವಾಗಿರಲಿ, ಪರೋಕ್ಷವಾಗಿರಲಿ. ಬೇನಾಮಿಯಾಗಿ ಜಮೀನು ಕೊಳ್ಳುವುದನ್ನು ಕಂಡಿರುವ ನಮ್ಮ ಸೀಮೆಯವರಿಗೆ ಈ 'ಪರೋಕ್ಷ' ಎಂಬ ಪದದ ಬೆಲೆ ಗೊತ್ತು. ಕಪ್ಪುಹಣ ತಡೆಯುವ ವಿಷಯದಲ್ಲಿ ಎಫ್‌ಎಟಿಎಫ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಲೋಪ ಎತ್ತಿ ತೋರಿಸಿರುವ ದೇಶಗಳಿಂದ ಬರುವ ಹೊಸ ಹೂಡಿಕೆದಾರರೆಲ್ಲರ ಮತದಾನದ ಬಲ ಒಟ್ಟು ಸೇರಿ 20 ಶೇಕಡಕ್ಕಿಂತ ಕಡಿಮೆ ಇರಬೇಕು ಎಂದು 2021ರ ಜೂನ್‌ನಲ್ಲಿ ಹೇಳಿದ್ದೀರಿ. ಇವೆಲ್ಲ ಸರಿಯಾದ ಬಿಗಿ. ಸಡಿಲಿಸಬೇಡಿ.

ಹಣ ಸಾಗಿಸುವ ಕಂಪನಿ ಕುಸಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ 2020ರಲ್ಲಿ ಕಂಡಿದೆ. ಉಡುಪಿಯಿಂದ ಹೋದ ಬಿ.ಆರ್. ಶೆಟ್ಟಿಯವರ ಹೆಸರಿನೊಂದಿಗೆ ಬೆಳೆದ ಯುಎಇ ಎಕ್ಸ್‌ಚೇಂಜ್ ಆ ವರ್ಷದ ಮಾರ್ಚ್‌ನಲ್ಲಿ ಹೊಸ ವ್ಯವಹಾರ ನಿಲ್ಲಿಸಿತು, ಅಲ್ಲಿನ ಕೇಂದ್ರ ಬ್ಯಾಂಕ್ ಅದರ ಮೇಲ್ವಿಚಾರಣೆಗೆ ಇಳಿಯಿತು. ಡಿಸೆಂಬರ್‌ನಲ್ಲಿ ಅದರ ಮಾತೃಸಂಸ್ಥೆ ಫಿನಾಬ್ಲರ್ ತನ್ನ ವ್ಯವಹಾರವನ್ನು ಒಂದು ಡಾಲರ್‌ಗೆ ಮಾರುವ ಒಪ್ಪಂದ ಪ್ರಕಟಿಸಿತು. ಒಂದು ಡಾಲರ್! ಕೊಲ್ಲಿಯಿಂದ ಹಣ ಬರುವ ಮನೆಗಳು ಕೋಲಾರದಲ್ಲೂ ಇವೆ, ಚಿಕ್ಕಬಳ್ಳಾಪುರದಲ್ಲೂ ಇವೆ. ಇಂಥ ಕಂಪನಿಗಳ ಮೂಲಕ ವಿದೇಶದಿಂದ ಹಣ ಪಡೆಯುವ ನಿಮ್ಮ ಯೋಜನೆಯಲ್ಲಿ ಒಂದು ಸಲಕ್ಕೆ 2,500 ಡಾಲರ್ ಮಿತಿ, ಒಬ್ಬರಿಗೆ ವರ್ಷಕ್ಕೆ 30 ಸಲ, ನಗದಾಗಿ ಕೊಡುವುದು 50,000 ರೂಪಾಯಿಯವರೆಗೆ ಎಂದು ಎಷ್ಟು ಸೂಕ್ಷ್ಮವಾಗಿ ಅಳತೆ ಹಾಕಿದ್ದೀರಿ! ಆ ಸೂಕ್ಷ್ಮತೆಯೇ ಒಡೆತನದ ವಿಷಯದಲ್ಲೂ ಕೌಂಟರಿನವರೆಗೆ ಇಳಿದು ಬರಲಿ ಎಂಬುದು ನನ್ನ ಕೋರಿಕೆ.

ಇನ್ನು ಬೇಸರದ ಮಾತು. ಅದೇ 2022ರ ಸುತ್ತೋಲೆಯಲ್ಲಿ ಇನ್ನೊಂದು ದಾರಿಯಿದೆ. ತನ್ನ ಪಾವತಿ ವ್ಯವಹಾರವನ್ನು ಕಂಪನಿಯು ಅಂಥದ್ದೇ ಅಧಿಕಾರ ಪತ್ರವಿರುವ ಮತ್ತೊಂದು ಕಂಪನಿಗೆ ಮಾರಿದರೆ ಪೂರ್ವಾನುಮತಿ ಬೇಕಿಲ್ಲ, 15 ದಿನಗಳೊಳಗೆ ನಿಮಗೆ ತಿಳಿಸಿದರೆ ಸಾಕು. ಪತ್ರವಿಲ್ಲದವರಿಗೆ ಮಾರುವುದಾದರೆ ಮಾತ್ರ ಮೊದಲೇ ಕೇಳಬೇಕು. ನಿಮ್ಮ ದೃಷ್ಟಿಯಿಂದ ಇದು ಸರಿಯಿರಬಹುದು. ಇಬ್ಬರೂ ನೀವು ಒರೆಗೆ ಹಚ್ಚಿ ನೋಡಿದವರೇ ಅಲ್ಲವೇ? ಆದರೆ ನನ್ನ ಕೌಂಟರಿನ ಮುಂದೆ ನಿಂತವನಿಗೆ ಇಬ್ಬರೂ ಅಪರಿಚಿತರೇ. ಕೊಂಡವರ ಬಳಿ ಪತ್ರ ಇದ್ದ ಮಾತ್ರಕ್ಕೆ, ಮಾರಾಟದ ರಾತ್ರಿ ದಾರಿಯಲ್ಲಿದ್ದ ಹಣಕ್ಕೆ ಯಾರು ಹೊಣೆ ಎಂಬುದು ಇತ್ಯರ್ಥವಾಗುವುದಿಲ್ಲ.

2024ರ ನವೆಂಬರ್ 1ರಿಂದ ದೇಶದೊಳಗೆ ನಗದು ಕಟ್ಟಿ ಹಣ ಕಳಿಸುವವರ ಮೊಬೈಲ್ ಸಂಖ್ಯೆಯನ್ನು ಪರಿಶೀಲಿಸಬೇಕು, ಗುರುತಿನ ದಾಖಲೆಯನ್ನು ಸ್ವಯಂ ದೃಢೀಕರಿಸಿ ಪಡೆಯಬೇಕು, ಪ್ರತಿ ಸಲವೂ ಹೆಚ್ಚುವರಿ ದೃಢೀಕರಣ ಆಗಬೇಕು ಎಂದು ನಿಯಮ ಬಿಗಿಮಾಡಿದಿರಿ. ನಾನು ಅದನ್ನು ಚಾಚೂತಪ್ಪದೆ ಮಾಡುತ್ತೇನೆ. ಹುಡುಗರು ಆಧಾರ್ ತೋರಿಸುತ್ತಾರೆ, ಸಹಿ ಹಾಕುತ್ತಾರೆ, ಒಟಿಪಿ ಬರುವವರೆಗೆ ಫೋನನ್ನು ಮೇಲೆತ್ತಿ ಹಿಡಿದು ರಸ್ತೆಯಲ್ಲಿ ನೆಟ್‌ವರ್ಕ್ ಹುಡುಕುತ್ತಾರೆ. 6,500 ರೂಪಾಯಿ ಕಳಿಸಲು ಅವನು ತಾನು ಯಾರೆಂದು ಮೂರು ಬಗೆಯಲ್ಲಿ ಸಾಬೀತು ಮಾಡಬೇಕು. ಅವನ ಹಣವನ್ನು ಒಯ್ಯುವವರು ಮಾತ್ರ ರಾತ್ರೋರಾತ್ರಿ ಬೇರೆಯವರಾದರೂ ತಾವು ಯಾರೆಂದು ಅವನಿಗೆ ಹೇಳಬೇಕಾಗಿಲ್ಲ. ಇದು ನನಗೆ ನುಂಗಲಾರದ ತುತ್ತು. ನಾನು ಪಡೆದ ಅವನ ಆಧಾರ್ ಪ್ರತಿ, ಅವನ ತಾಯಿಯ ಖಾತೆ ಸಂಖ್ಯೆ, ಎಷ್ಟು ದಿನಕ್ಕೊಮ್ಮೆ ಎಷ್ಟು ಕಳಿಸುತ್ತಾನೆ ಎಂಬ ಲೆಕ್ಕ, ಎಲ್ಲವೂ ಹೊಸ ಒಡೆಯರ ಕೈಗೆ ಹೋಗಿರುತ್ತದೆ. ಕಾಗದ ಪತ್ರ ಕೊಟ್ಟವನ ಮುಖ ನೋಡಿ ಪಡೆದವಳು ನಾನು. ಅವು ಯಾರ ಬಳಿ ಇವೆ ಎಂದು ಅವನು ಕೇಳಿದರೆ ನಾನು ಏನು ಹೇಳಲಿ?

ನಮ್ಮ ನರಸಾಪುರಕ್ಕೆ ಒಡೆತನ ಬದಲಾಗುವುದು ಹೊಸದಲ್ಲ. 2023ರ ಅಕ್ಟೋಬರ್‌ನಲ್ಲಿ ಇಲ್ಲಿನ ವಿಸ್ಟ್ರಾನ್ ಐಫೋನ್ ಕಾರ್ಖಾನೆಯನ್ನು ಟಾಟಾ ಎಲೆಕ್ಟ್ರಾನಿಕ್ಸ್ 12.5 ಕೋಟಿ ಡಾಲರ್‌ಗೆ ಕೊಳ್ಳುತ್ತದೆ ಎಂಬ ಸುದ್ದಿ ಪ್ರಕಟವಾಯಿತು. ಚಹಾದ ಅಂಗಡಿಯವನಿಗೂ ಗೊತ್ತಿತ್ತು, ಪೇಯಿಂಗ್ ಗೆಸ್ಟ್ ನಡೆಸುವವರಿಗೂ ಗೊತ್ತಿತ್ತು. ಸಂಬಳ ಯಾರು ಕೊಡುತ್ತಾರೆ ಎಂದು ಕೇಳಲು ಒಂದು ಗೇಟ್ ಇತ್ತು. ಆ ಊರಿನಲ್ಲಿಯೇ, ಆ ಕೆಲಸಗಾರರೇ ಮನೆಗೆ ಕಳಿಸುವ ಹಣವನ್ನು ಒಯ್ಯುವ ಕಂಪನಿ ಮಾರಾಟವಾದರೆ ಯಾರಿಗೂ ಗೊತ್ತಾಗುವುದಿಲ್ಲ, ಹೋಗಿ ನಿಲ್ಲಲು ಗೇಟೂ ಇಲ್ಲ. ಇರುವ ಗೇಟ್ ನನ್ನ ಅಂಗಡಿಯ ಶಟರ್ ಒಂದೇ. ದುಡಿದ ಹಣದ ಬಗ್ಗೆ ಉತ್ತರ ಸಿಗದೆ ಹೋದರೆ ಏನಾಗುತ್ತದೆ ಎಂಬುದನ್ನು 2020ರ ಡಿಸೆಂಬರ್‌ನಲ್ಲಿ, ಸಂಬಳದ ವಿಷಯಕ್ಕೆ ಅದೇ ಕಾರ್ಖಾನೆಯಲ್ಲಿ ಗಲಭೆಯಾದಾಗ, ನಾವು ಹತ್ತಿರದಿಂದ ನೋಡಿದ್ದೇವೆ. ಅಂದು ನಾನು ಎರಡು ದಿನ ಶಟರ್ ತೆಗೆಯಲಿಲ್ಲ.

ಈಗ ಎಲ್ಲರೂ ಮೊಬೈಲ್‌ನಲ್ಲೇ ಹಣ ಕಳಿಸುತ್ತಾರಲ್ಲ, ಈ ಅಂಗಡಿಗಳು ಇನ್ನೆಷ್ಟು ದಿನ ಎಂದು ಕೆಲವರು ಕೇಳುತ್ತಾರೆ. ಅವರು ಒಂದು ಶನಿವಾರ ಬಂದು ನನ್ನ ಕೌಂಟರಿನ ಹಿಂದೆ ಕುಳಿತುಕೊಳ್ಳಲಿ. ಕೂಲಿ ನಗದಾಗಿ ಬರುತ್ತದೆ. ನಾಲ್ವರಿಗೆ ಒಂದು ಫೋನ್ ಇರುತ್ತದೆ. ಊರಿನ ಬ್ಯಾಂಕಿನಲ್ಲಿ ತೆರೆದ ಖಾತೆ ಕೆವೈಸಿ ಬಾಕಿಯಿಂದ ನಿಂತುಹೋಗಿರುತ್ತದೆ.

ನಾನು ಕೇಳುವುದು ಹೆಚ್ಚೇನಲ್ಲ. ಹಿಡಿತ ಬದಲಾಗಲು ನೀವು ಕೊಡುವ ಅನುಮತಿ ಪತ್ರದಲ್ಲೇ ಒಂದು ಷರತ್ತು ಬರೆಯಿರಿ: ಕೈ ಬದಲಾಗುವ ದಿನ ದಾರಿಯಲ್ಲಿರುವ ಪ್ರತಿಯೊಂದು ವ್ಯವಹಾರಕ್ಕೂ ಕೊಂಡವರೇ ಗ್ರಾಹಕನಿಗೆ ಹೊಣೆ. ಮೊದಲು ಅವನ ಹಣ ತಲುಪಿಸಲಿ ಅಥವಾ ಮರಳಿಸಲಿ, ಆಮೇಲೆ ಹಳೆಯವರೊಂದಿಗೆ ತಮ್ಮ ಲೆಕ್ಕ ಚುಕ್ತಾ ಮಾಡಿಕೊಳ್ಳಲಿ. ಪತ್ರ ಇರುವವರಿಂದ ಪತ್ರ ಇರುವವರಿಗೆ ಆಗುವ ಮಾರಾಟಕ್ಕೂ ಇದು ಅನ್ವಯಿಸಲಿ, ಅಲ್ಲಿಯೂ ಗ್ರಾಹಕರಿಗೆ ಮೊದಲು ತಿಳಿಸಿ ಆಮೇಲೆ ಕೈ ಬದಲಾಗಲಿ. ಈ ಹೊಣೆ ಸ್ಪಷ್ಟವಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ನಿಮ್ಮ ಓಂಬುಡ್ಸ್‌ಮನ್ ಬಾಗಿಲೂ ನಮಗೆ ದೂರವಾಗುತ್ತದೆ. ಮೊದಲು ಕಂಪನಿಗೆ ದೂರು ಕೊಟ್ಟು 30 ದಿನ ಕಾಯಬೇಕು ಎಂಬುದು ನಿಯಮ. ಹಳೆಯ ಕಂಪನಿಗೆ ಕೊಟ್ಟು 30 ದಿನ, ಅವರು ಹೊಸಬರತ್ತ ಕೈ ತೋರಿಸಿದ ಮೇಲೆ ಮತ್ತೆ 30 ದಿನ ಕಾಯುತ್ತ ಕುಳಿತರೆ ನಾಟಿ ಮುಗಿದು ಕಳೆ ತೆಗೆಯುವ ಹೊತ್ತಾಗಿರುತ್ತದೆ.

ತಿಳಿಸುವ ಬಗೆಯ ಬಗ್ಗೆಯೂ ಒಂದು ಮಾತು. ಬ್ಯಾಂಕೇತರ ಹಣಕಾಸು ಕಂಪನಿಗಳ ಒಡೆತನ ಬದಲಾಗುವಾಗ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ, ಇನ್ನೊಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಎಂಬ ಪದ್ಧತಿಯನ್ನು ನೀವೇ ಮಾಡಿದ್ದೀರಿ. ಆದರೆ ಆ ಸ್ಥಳೀಯ ಎಂಬುದು ಕಂಪನಿಯ ನೋಂದಾಯಿತ ಕಚೇರಿ ಇರುವ ಸ್ಥಳ. ಕಚೇರಿ ಮುಂಬೈಯಲ್ಲಿದ್ದರೆ ಪ್ರಕಟಣೆ ಮರಾಠಿಯಲ್ಲಿ. ನರಸಾಪುರದ ಹುಡುಗನಿಗೆ ಅದು ಎಂದೂ ತಲುಪುವುದಿಲ್ಲ, ನನಗೂ ತಲುಪುವುದಿಲ್ಲ. ಹಣ ಸಾಗಿಸುವ ಕಂಪನಿಯ ಸ್ಥಳ ಎಂದರೆ ಅದರ ಕೌಂಟರ್ ಇರುವ ಊರು. ಪ್ರತಿ ಕೌಂಟರಿನಲ್ಲೂ ತಿಂಗಳು ಮೊದಲು ಒಂದು ಹಾಳೆ ಅಂಟಿಸಲಿ: ಇಂಥ ಕಂಪನಿ ಇಂಥವರ ಕೈಗೆ ಇಂಥ ದಿನ ಹೋಗುತ್ತದೆ, ಅಂದು ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಹಣ ಕಳಿಸಬೇಡಿ, ತೊಂದರೆಯಾದರೆ ಈ ಸಂಖ್ಯೆ. ಕನ್ನಡದಲ್ಲಿರಲಿ, ಕೆಳಗೆ ಹಿಂದಿ, ಒಡಿಯಾ, ಬಂಗಾಳಿ, ಅಸ್ಸಾಮಿಯಲ್ಲೂ ಇರಲಿ. ಕಳಿಸುವವರ ಮೊಬೈಲ್ ಸಂಖ್ಯೆ ನೀವು ಹೇಳಿದಂತೆ ಈಗಾಗಲೇ ನಮ್ಮ ಬಳಿ ಇದೆ, ಅದಕ್ಕೊಂದು ಸಂದೇಶ ಹೋಗಲಿ. ಹಾಳೆಯ ಖರ್ಚನ್ನು ಬೇಕಾದರೆ ನಾನೇ ಭರಿಸುತ್ತೇನೆ, ಜೆರಾಕ್ಸ್ ಯಂತ್ರ ನನ್ನ ಅಂಗಡಿಯಲ್ಲೇ ಇದೆ.

ಏಜೆಂಟರ ಬ್ಯಾಲೆನ್ಸ್ ವಿಷಯವನ್ನೂ ಅನುಮತಿಯ ಹೊತ್ತಿನಲ್ಲೇ ಕೇಳಿ. ವ್ಯಾಲೆಟ್ ಕಂಪನಿಗಳು ಗ್ರಾಹಕರ ಹಣವನ್ನು ಬ್ಯಾಂಕಿನ ಎಸ್ಕ್ರೊ ಖಾತೆಯಲ್ಲಿ ಬೇರೆಯಾಗಿ ಇಡಬೇಕು ಎಂದು ವಿಧಿಸಿದ್ದೀರಿ. ನಾವು ಮುಂಗಡವಾಗಿ ತುಂಬಿದ ಹಣಕ್ಕೂ ಅಷ್ಟೇ ಕಾವಲು ಬೇಕು. ಕೈ ಬದಲಾಗುವ ಹಿಂದಿನ ರಾತ್ರಿ ಪ್ರತಿ ಏಜೆಂಟರ ಬ್ಯಾಲೆನ್ಸ್ ಇಷ್ಟು ಎಂಬ ಪಟ್ಟಿಗೆ ಮಾರುವವರೂ ಕೊಳ್ಳುವವರೂ ಸಹಿ ಹಾಕಿ ನಿಮಗೆ ಒಪ್ಪಿಸಲಿ. ನನ್ನ 41,260 ರೂಪಾಯಿ ನಿಮ್ಮ ಕಣ್ಣಿಗೆ ಸಣ್ಣದಾಗಿ ಕಾಣಬಹುದು. ಅದರಲ್ಲಿ 20,000 ನನ್ನ ಮಗಳ ಕಾಲೇಜು ಶುಲ್ಕಕ್ಕೆ ಎತ್ತಿಟ್ಟದ್ದು, ಶನಿವಾರದ ವ್ಯವಹಾರಕ್ಕೆಂದು ಒಂದು ದಿನದ ಮಟ್ಟಿಗೆ ತಿರುಗಿಸಿದ್ದೆ. ಅಧಿಕಾರ ಪತ್ರ ಪಡೆದ ಕಂಪನಿಗಳ ಪಟ್ಟಿ ನಿಮ್ಮ ಜಾಲತಾಣದಲ್ಲಿದೆ. ಹೆಸರಿನ ಪಕ್ಕದಲ್ಲಿ ಹಿಡಿತ ಯಾವಾಗ, ಯಾರಿಗೆ ಬದಲಾಯಿತು ಎಂದು ಒಂದು ಸಾಲು ಸೇರಿಸಿದರೆ ನನ್ನಂಥವರು ಬೆಳಿಗ್ಗೆ ಶಟರ್ ಎತ್ತುವ ಮೊದಲು ನೋಡಿಕೊಳ್ಳಬಹುದು.

ಆ ಹುಡುಗ ಈಗಲೂ ನನ್ನಲ್ಲಿಗೇ ಬರುತ್ತಾನೆ. ಆ್ಯಪ್‌ನ ಹೆಸರು ಅವನಿಗೆ ಬೇಡ. "ನೀವು ಇದ್ದೀರಲ್ಲ, ದೀದಿ" ಎನ್ನುತ್ತಾನೆ. ಅವನು ಹಾಗೆ ಹೇಳಿದಾಗಲೆಲ್ಲ ನನಗೆ ಭಯವಾಗುತ್ತದೆ. ಆ ನಂಬಿಕೆಗೆ ಆಧಾರ ಕೊಡುವ ಶಕ್ತಿ ನನಗಿಲ್ಲ, ನಿಮಗಿದೆ. ಅದಕ್ಕಾಗಿಯೇ ಈ ಪತ್ರವನ್ನು ಲಕೋಟೆಯಲ್ಲಿ ಮುಚ್ಚದೆ ಎಲ್ಲರ ಮುಂದೆ ಬರೆದಿದ್ದೇನೆ.

ಅವನ ರಸೀದಿಯನ್ನು ಇದರೊಂದಿಗೆ ಇಟ್ಟಿದ್ದೇನೆ, ಹೆಸರು ಮತ್ತು ಖಾತೆ ಸಂಖ್ಯೆ ಇದ್ದ ಭಾಗವನ್ನು ಮರೆಮಾಡಿದ್ದೇನೆ. ಇದು ನಾನು ಅಂದು ಮಾಡಿಟ್ಟ ಜೆರಾಕ್ಸ್ ಪ್ರತಿ. ಮೂಲ ರಸೀದಿಯೂ ನನ್ನ ಬಳಿಯೇ ಇದೆ, ಆದರೆ ಅದರಲ್ಲಿ ಈಗ ಅಕ್ಷರಗಳಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನರಸಾಪುರದ ಒಬ್ಬ ಹಣ ವರ್ಗಾವಣೆ ಏಜೆಂಟ್,
ಕೋಲಾರ ಜಿಲ್ಲೆ